ವೆಲ್ಸ್ ಕಥೆಗೆ ಯಾವ ವರ್ಷ ಹಾಕಬೇಕು, 1901 ಅಥವಾ 1926?

ನಿಮ್ಮ ಬಳಿಯ ವೈಜ್ಞಾನಿಕ ಕಥಾ ಸಂಕಲನದ ಕಥೆಗಳು ಮೊದಲು ಅಚ್ಚಾದ ವರ್ಷ ಬರೆದಿಡುವಾಗ ವೆಲ್ಸ್ ಕಥೆಗೆ ಎರಡು ವರ್ಷ ಸಿಕ್ಕಿವೆ ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ಮರುಮುದ್ರಣ. ಎಚ್.ಜಿ. ವೆಲ್ಸ್‌ರ ‘ದಿ ನ್ಯೂ ಆಕ್ಸಿಲರೇಟರ್’ ಮೊದಲು ಬಂದದ್ದು 1901ರ ಡಿಸೆಂಬರ್‌ನ ಸ್ಟ್ರಾಂಡ್ ಪತ್ರಿಕೆಯಲ್ಲಿ. 1926 ಅಂದರೆ ಅಮೆರಿಕದ ವೈಜ್ಞಾನಿಕ ಕಥಾ ಪತ್ರಿಕೆ ಅಮೇಜಿಂಗ್ ಸ್ಟೋರೀಸ್‌ನ ಮೊದಲ ಸಂಚಿಕೆ, ಏಪ್ರಿಲ್‌ನದು. ಪತ್ರಿಕೆಯ ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್ ಅದನ್ನು ಪೂರ್ತಿ ಹಳೇ ಕಥೆಗಳಿಂದಲೇ ತುಂಬಿಸಿದ್ದರು. ಜೂಲ್ಸ್ ವರ್ನ್, ಎಡ್ಗರ್ ಅಲನ್ ಪೋ ಕಥೆಗಳೂ ಅದರಲ್ಲಿವೆ. ನಿಮ್ಮ ಸಂಕಲನಕಾರರು ಅಲ್ಲಿಂದಲೇ ಕಥೆ ಎತ್ತಿಕೊಂಡಿರಬಹುದು.

ಉಳಿದ ಕಥೆಗಳಿಗೆ ಮೊದಲು ಪುಸ್ತಕದ ಕೃತಜ್ಞತೆಯ ಪುಟ ನೋಡಿ. ಕಾಪಿರೈಟ್ ವರ್ಷವನ್ನು ಸುಮ್ನೆ ನಂಬಬೇಡಿ, ಅದು ಸಂಕಲನದ ವರ್ಷವೂ ಆಗಿರಬಹುದು. ಆಮೇಲೆ ವೈಜ್ಞಾನಿಕ ಕಥೆಗಳು ಎಲ್ಲಿ, ಯಾವಾಗ ಅಚ್ಚಾದವು ಅಂತ ಪಟ್ಟಿ ಮಾಡಿರುವ ಐಎಸ್‌ಎಫ್‌ಡಿಬಿ ಜಾಲತಾಣದಲ್ಲಿ ಲೇಖಕರ ಹೆಸರಿನಿಂದ ಹುಡುಕಿ, ಕಥೆಯ ಹೆಸರಿನಿಂದ ಬೇಡ. ಒಂದೇ ಕಥೆ ಬೇರೆ ಬೇರೆ ಹೆಸರಲ್ಲಿ ಅಚ್ಚಾಗುವುದು ಇಲ್ಲಿ ಮಾಮೂಲಿ. ನಾನೇ ಒಂದು ಕಥೆಯನ್ನು ಪಟ್ಟಿಯಲ್ಲಿ ಎರಡು ಸಲ ಬರೆದುಕೊಂಡಿದ್ದೆ! ಅಲ್ಲಿ ಸಿಕ್ಕ ಅತಿ ಹಳೆಯ ಸಂಚಿಕೆ, ಹಳೆಯ ಪುಸ್ತಕ-ಪತ್ರಿಕೆಗಳ ಡಿಜಿಟಲ್ ಸಂಗ್ರಹವಾದ ಇಂಟರ್ನೆಟ್ ಆರ್ಕೈವ್‌ನಲ್ಲಿದ್ದರೆ ತೆರೆದು ಕಣ್ಣಾರೆ ನೋಡಿ.

ಆ ಪತ್ರಿಕೆಗಳ ಹಿನ್ನೆಲೆ ಬೇಕಿದ್ದರೆ ಮೈಕ್ ಆಶ್ಲಿಯವರ ‘ದಿ ಟೈಮ್ ಮಷೀನ್ಸ್’ ಓದಿ, 1950ರವರೆಗಿನ ಚರಿತ್ರೆ ಅದರಲ್ಲಿದೆ. ಸದ್ಯಕ್ಕೆ ನಿಮ್ಮ ಟಿಪ್ಪಣಿಯಲ್ಲಿ 1901 ಹಾಕಿ, 1926ನ್ನು ಮರುಮುದ್ರಣ ಅಂತ ಪಕ್ಕದಲ್ಲಿ ಬರೆಯಿರಿ.