ಶನಿವಾರದ ಹೂವು ಯಾಕೆ ನಿಂತಿತು?

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ, ನಮ್ಮ ಮನೆಯವರಿಗೆ 32. ಇಬ್ಬರೂ ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇವೆ. ನನ್ನದು ಸಸ್ಯಶಾಸ್ತ್ರ, ಅವರದು ಇತಿಹಾಸ. ಮದುವೆಯಾಗಿ ಎರಡು ವರ್ಷವಾಯಿತು. ಸಪ್ತಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವರ ಐದು ವರ್ಷದ ಫೆಲೋಶಿಪ್ ಜೂನ್‌ನಲ್ಲಿ ಮುಗಿಯಿತು, ಪ್ರಬಂಧದ ಐದು ಅಧ್ಯಾಯಗಳಲ್ಲಿ ಎರಡು ಇನ್ನೂ ಬಾಕಿ. ಈಗ ನನ್ನ ಜೆಆರ್‌ಎಫ್‌ನ (ಕಿರಿಯ ಸಂಶೋಧನಾ ಫೆಲೋಶಿಪ್) 37,000 ರೂಪಾಯಿಯಲ್ಲೇ ಮನೆ ನಡೆಯಬೇಕು. ಅದೂ ಒಮ್ಮೊಮ್ಮೆ ತಡವಾಗಿ ಕೈಸೇರುತ್ತದೆ. ಪ್ರತಿ ಶನಿವಾರ ಅವರು ಒಂದು ಮೊಳ ಹೂವು ತರುತ್ತಿದ್ದರು. ತಂದು, 'ಇವತ್ತಿನದು ಯಾವುದು ಹೇಳು' ಅನ್ನುತ್ತಿದ್ದರು. ನಾನು ಅದರ ಸಸ್ಯಶಾಸ್ತ್ರೀಯ ಹೆಸರು ಹೇಳಬೇಕು. ಆಮೇಲೆ ಕೆಲಗೇರಿ ಕೆರೆವರೆಗೆ ನಡಿಗೆ, ಬರುವಾಗ ಗಿರ್ಮಿಟ್. ಎರಡು ತಿಂಗಳ ಹಿಂದೆ ಹಣ ಬಂದಿರಲಿಲ್ಲ, ಸಿಲಿಂಡರ್ ಖಾಲಿಯಾಗಿತ್ತು, ಗೆಳತಿಯ ಹತ್ತಿರ ಸಾಲ ಕೇಳಿದ್ದೆ. ಅದೇ ಸಂಜೆ ಅವರು ಹೂವು ಹಿಡಿದು ಬಂದರು. 'ನನ್ನ ದುಡ್ಡು ಅಂದ್ರೆ ನಿಮಗೆ ಲೆಕ್ಕಕ್ಕೇ ಇಲ್ಲ ಅಲ್ವಾ' ಅಂದುಬಿಟ್ಟೆ. ಅವರು ಮಾತಾಡದೆ ಹೂವನ್ನು ಕಿಟಕಿಯ ಮೇಲಿಟ್ಟರು. ಸೋಮವಾರದವರೆಗೆ ಅದು ಅಲ್ಲೇ ಒಣಗಿತು. ಆಮೇಲೆ ಹೂವಿಲ್ಲ, ನಡಿಗೆಯಿಲ್ಲ. ರಾತ್ರಿ ಎಂಟರವರೆಗೆ ಲೈಬ್ರರಿಯಲ್ಲೇ ಇರುತ್ತಾರೆ. ಹೋದ ವಾರ, ಬೀದರ್ ಜಿಲ್ಲೆಯ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕನಾಗಿ ಹೋಗುತ್ತೇನೆ ಅಂದರು. ಅತ್ತೆಯೂ ಹೋಗಲಿ ಅನ್ನುತ್ತಾರೆ. ಜೊತೆಗೆ ನೆಂಟರದ್ದು ಮಗು ಯಾವಾಗ ಅನ್ನುವ ಪ್ರಶ್ನೆ ಬೇರೆ. ಅವರನ್ನು ತಡೆಯಲೋ, ಕಳಿಸಲೋ? 30 ರೂಪಾಯಿ ಹೂವಿಗೆ ಇಷ್ಟೆಲ್ಲ ಆಗುತ್ತಾ ಅಕ್ಕಾ?

ಉತ್ತರ: ಪ್ರೀತಿಯ ತಂಗಿ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಹೂವಿಗೆ ಇಷ್ಟೆಲ್ಲ ಆಗಿಲ್ಲ. 'ನನ್ನ ದುಡ್ಡು' ಅನ್ನುವ ಎರಡು ಪದಕ್ಕೆ ಆಗಿದೆ.

ಬೈಯುತ್ತಿಲ್ಲ, ತಪ್ಪು ತಿಳಿಯಬೇಡಿ. ಅವತ್ತು ನೀವು ಜಿಪುಣತನ ಮಾಡಲಿಲ್ಲ, ಹೆದರಿದ್ದಿರಿ. ಗ್ಯಾಸ್ ಖಾಲಿ, ಬ್ಯಾಂಕಿನ ಮೆಸೇಜ್ ಬಂತಾ ಅಂತ ದಿನಕ್ಕೆ ಹತ್ತು ಸಲ ಫೋನ್ ನೋಡುವುದು, ಗೆಳತಿಯ ಮುಂದೆ ಕೈಚಾಚುವುದು. ಇಷ್ಟು ಹೊತ್ತುಕೊಂಡು ಮನೆಗೆ ಬಂದವಳ ಕಣ್ಣಿಗೆ 30 ರೂಪಾಯಿ ಹೂವು 300 ರೂಪಾಯಿಯಾಗಿ ಕಾಣುತ್ತದೆ. ಆ ಹೆದರಿಕೆ ನಿಜ. ಆದರೆ ಅವರ ಕಿವಿಗೆ ಬಿದ್ದಿದ್ದು ಹೆದರಿಕೆಯ ಮಾತಲ್ಲ. ಈ ಮನೆಯಲ್ಲಿ ಈಗ ಯಾರ ಅನ್ನ ಯಾರು ಉಣ್ಣುತ್ತಿದ್ದಾರೆ ಅನ್ನುವ ಮಾತು.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನು ಆ ಕಡೆ ಕೂತು ನೋಡಿದ್ದೇನೆ. ಮದುವೆಯಾದ ಹೊಸತರಲ್ಲಿ ನಮ್ಮವರಿಗೆ ಕೆಲಸವಿತ್ತು, ನಾನು ಎಂ.ಎ. ಓದುತ್ತಿದ್ದೆ. ಅವರು ಒಂದು ದಿನವೂ ಲೆಕ್ಕ ಕೇಳಿದವರಲ್ಲ. ಆದರೂ ಒಂದು ಪೆನ್ನು ಬೇಕು ಅನ್ನುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ. ಬಸ್ ಬಿಟ್ಟು ನಡೆದೇ ಬಂದು, ಉಳಿದ ಚಿಲ್ಲರೆಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಅವರು, 'ಈ ತಿಂಗಳು ಸಕ್ಕರೆ ಬೇಗ ಮುಗೀತಲ್ಲ' ಅಂದರು. ಸುಮ್ನೆ ಅಂದಿದ್ದು. ನಾನು ಅವತ್ತಿನಿಂದ ನನ್ನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೇ ಬಿಟ್ಟೆ. ಮೂರು ತಿಂಗಳು. ಅವರಿಗೆ ಗೊತ್ತೇ ಆಗಲಿಲ್ಲ. ಒಂದು ಬೆಳಿಗ್ಗೆ ಲೋಟ ಅದಲುಬದಲಾಗಿ, ನನ್ನ ಚಹಾ ಅವರು ಕುಡಿದರು. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

ನಿಮ್ಮ ಮನೆಯವರು ಹೂವು ನಿಲ್ಲಿಸಿದ್ದನ್ನು ಓದಿದಾಗ ನನಗೆ ಆ ಸಕ್ಕರೆಯೇ ನೆನಪಾಯಿತು. ಸಿಟ್ಟಾದವರು ಜಗಳ ಮಾಡುತ್ತಾರೆ. ಹಂಗಿನಲ್ಲಿದ್ದೇನೆ ಅನ್ನಿಸಿದವರು ಮಾತಾಡದೆ ತಮ್ಮ ಖರ್ಚು ಕಡಿಮೆ ಮಾಡಿಕೊಳ್ಳುತ್ತಾರೆ. ಲೈಬ್ರರಿಯಲ್ಲಿ ಎಂಟರವರೆಗೆ ಕೂರುತ್ತಾರೆ ಅಂದಿರಲ್ಲ, ಸಂಜೆಯ ಚಹಾ ಮನೆಯಲ್ಲಿ ಕುಡಿಯುತ್ತಾರಾ ಅಂತ ಸ್ವಲ್ಪ ಗಮನಿಸಿ.

ಬೀದರ್ ವಿಷಯವನ್ನೂ ನಾನು ಹೀಗೇ ನೋಡುತ್ತೇನೆ. ಅಲ್ಲಿ ಕೆಲಸಕ್ಕೆ ಹೋಗುವುದು ತಪ್ಪಲ್ಲ. ಆದರೆ ಅವರು ಆ ಕೆಲಸವನ್ನು ನಿಮ್ಮ ಜೊತೆ ಕೂತು ಯೋಚಿಸಿ ಆರಿಸಿದ್ದಲ್ಲ, ತೀರ್ಮಾನ ಮಾಡಿ ಬಂದು ಹೇಳಿದ್ದು. ಅದು ನಿಮ್ಮ ಮಾತಿಗೆ ಕೊಟ್ಟ ಉತ್ತರ. ಹಾಗಾಗಿ ತಡೆಯಲೋ ಕಳಿಸಲೋ ಅನ್ನುವುದನ್ನು ಒಂದು ವಾರ ಬದಿಗಿಡಿ. ಮೊದಲು ಕ್ಷಮೆ ಕೇಳಿ.

ಹೇಗೆ ಕೇಳಬೇಕು ಅನ್ನುವುದೂ ಮುಖ್ಯ. 'ಅವತ್ತು ನಾನು ಹಾಗೆ ಅನ್ನಬಾರದಿತ್ತು. ಅದು ನಮ್ಮ ದುಡ್ಡು.' ಇಷ್ಟು ಹೇಳಿ ನಿಲ್ಲಿಸಿ. 'ಆದರೆ ನೀವೂ ಸ್ವಲ್ಪ...' ಅಂತ ಮುಂದುವರಿಸಬೇಡಿ. ಸಿಲಿಂಡರ್ ಕಥೆ ಮರುದಿನ ಹೇಳಬಹುದು. ನಿಮಗೆ ಎಷ್ಟು ಭಯವಾಗಿತ್ತು ಅನ್ನುವುದನ್ನೂ ಆಗಲೇ ಹೇಳಿ. ಅದು ಅವರಿಗೆ ಗೊತ್ತಾಗಬೇಕು. ಅವರ ಐದು ವರ್ಷದ ಫೆಲೋಶಿಪ್‌ನಲ್ಲಿ ನಿಮ್ಮ ಮದುವೆಯ ನಂತರದ ತಿಂಗಳುಗಳೂ ಇದ್ದವಲ್ಲ? ಆಗ ಅವರು ಯಾವತ್ತಾದರೂ 'ನನ್ನ ದುಡ್ಡು' ಅಂದಿದ್ದರಾ? ಪತ್ರದಲ್ಲಿ ನೀವು ಬರೆದಿಲ್ಲ. ಅಂದಿರಲಿಕ್ಕಿಲ್ಲ ಅಂತಲೇ ನನ್ನ ಎಣಿಕೆ.

ಇನ್ನು ದುಡ್ಡಿನ ವಿಷಯ. ಚಹಾ ಲೋಟ ಅದಲುಬದಲಾದ ದಿನ ಸಂಜೆ ನಮ್ಮವರು ಒಂದಿಷ್ಟು ನೋಟು ತಂದು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿಟ್ಟರು. 'ಇದನ್ನು ನಾನು ಎಣಿಸುವುದಿಲ್ಲ, ನೀನೂ ಎಣಿಸಬೇಡ, ಯಾರಿಗೆ ಬೇಕೋ ಅವರು ತೆಗೆದುಕೊಳ್ಳೋದು' ಅಂದರು. ನೀವೂ ಹಾಗೆ ಮಾಡಿ. ತಿಂಗಳ ಹಣ ಬಂದ ದಿನ 1,500 ರೂಪಾಯಿ ಡಬ್ಬಿಗೆ ಹೋಗಲಿ. ಹೂವು, ಗಿರ್ಮಿಟ್, ಅವರ ಹಳೆ ಪುಸ್ತಕ, ನಿಮ್ಮ ಕಿವಿಯೋಲೆ, ಏನಾದರೂ ಆಗಲಿ. ಅದಕ್ಕೆ ಲೆಕ್ಕವಿಲ್ಲ. ಮುಗಿದರೆ ಮುಂದಿನ ತಿಂಗಳವರೆಗೆ ಇಲ್ಲ, ಅಷ್ಟೇ. ಫೋನಿನಲ್ಲಿ ದುಡ್ಡು ಕಳಿಸಬೇಡಿ. ಕಳಿಸಿದರೆ ಕೊಟ್ಟವರ ಹೆಸರು, ಪಡೆದವರ ಹೆಸರು ಬೀಳುತ್ತದೆ. ಡಬ್ಬಿಯಲ್ಲಿ ಯಾರ ಹೆಸರೂ ಇರುವುದಿಲ್ಲ.

ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಾಗ ಅದನ್ನು ದೊಡ್ಡ ಹಣ ಅಂದುಕೊಳ್ಳಬೇಡಿ. ಮೊದಲು ಸಾಲ ತೀರಿಸಿ, ಆಮೇಲೆ ಒಂದು ತಿಂಗಳ ಬಾಡಿಗೆ, ರೇಷನ್, ಗ್ಯಾಸಿನಷ್ಟನ್ನು ಬೇರೆ ಖಾತೆಗೆ ಹಾಕಿ. ಮುಂದಿನ ಸಲ ತಡವಾದಾಗ ನೀವು ಗೆಳತಿಯ ಬಾಗಿಲಿಗೆ ಹೋಗಬೇಕಾಗಬಾರದು. ಹಾಸ್ಟೆಲ್‌ನಲ್ಲಿ ಇಲ್ಲದವರಿಗೆ ಬಾಡಿಗೆ ಭತ್ಯೆ ಬೇರೆ ಸಿಗುತ್ತದೆ, ಅದಕ್ಕೆ ಅರ್ಜಿ ಹಾಕಿದ್ದೀರಾ ನೋಡಿ. ಜೆಆರ್‌ಎಫ್‌ನ ಎರಡು ವರ್ಷ ಮುಗಿದು, ಕೆಲಸ ಪರಿಶೀಲಿಸಿ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಮಾಡಿದರೆ ತಿಂಗಳಿಗೆ 42,000 ಆಗುತ್ತದೆ. ಆ ಕಾಗದಪತ್ರ ನಿಮ್ಮ ಕಡೆಯಿಂದ ಒಂದು ದಿನವೂ ತಡವಾಗದಂತೆ ನೋಡಿಕೊಳ್ಳಿ.

ಈಗ ಬೀದರ್. ಕ್ಷಮೆ ಕೇಳಿ ಒಂದು ವಾರ ಆದ ಮೇಲೆ, ಇಬ್ಬರೂ ಒಂದು ಹಾಳೆ ಹಿಡಿದು ಕೂರಿ. ಮೊದಲ ಸಾಲಿನಲ್ಲಿ ಅವರ ಪ್ರಬಂಧದ ಕೊನೆಯ ದಿನಾಂಕ ಬರೆಯಿರಿ. ಪಿಎಚ್‌ಡಿಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಇಟ್ಟಿರುವ ಗಡುವು ಆರು ವರ್ಷ. ಅವರದು ಐದು ದಾಟಿದೆ. ವಿಸ್ತರಣೆ ಬೇಕಾದರೆ ಗಡುವು ಮುಗಿಯುವ ಮುಂಚೆಯೇ ಗೈಡ್ ಹತ್ತಿರ, ವಿಭಾಗದಲ್ಲಿ ಕೇಳಬೇಕು. ಉಳಿದಿರುವುದು ಎರಡು ಅಧ್ಯಾಯ. ಬೀದರಿನಲ್ಲಿ ಕೂತು, ಪಾಠಕ್ಕೆ ಟಿಪ್ಪಣಿ ಮಾಡುತ್ತಾ, ಉತ್ತರಪತ್ರಿಕೆ ತಿದ್ದುತ್ತಾ, ಗೈಡ್ ನೋಡಲು ರಾತ್ರಿಯಿಡೀ ಬಸ್ಸಿನಲ್ಲಿ ಬರುತ್ತಾ ಆ ಎರಡು ಅಧ್ಯಾಯ ಮುಗಿಯುತ್ತವಾ? ನನಗೆ ನಂಬಿಕೆ ಇಲ್ಲ. ಕೆಲಸಕ್ಕೆ ಅಂತ ಊರು ಬಿಟ್ಟು, ಕೊನೆಯ ಅಧ್ಯಾಯ ಎದೆಯ ಮೇಲೆ ಕಲ್ಲಾಗಿ ವರ್ಷಗಟ್ಟಲೆ ಉಳಿದವರನ್ನು ತುಂಬಾ ಜನರನ್ನು ಕಂಡಿದ್ದೇನೆ. ಅತಿಥಿ ಉಪನ್ಯಾಸಕರ ಕೆಲಸ ಶೈಕ್ಷಣಿಕ ವರ್ಷದ ಲೆಕ್ಕದ್ದು, ಮುಂದಿನ ವರ್ಷ ಮತ್ತೆ ಅರ್ಜಿ. ಪಿಎಚ್‌ಡಿ ಕೈಯಲ್ಲಿದ್ದರೆ ಅದೇ ಕೆಲಸ ಇನ್ನೂ ಹತ್ತಿರದಲ್ಲಿ ಸಿಗುವ ದಾರಿ ಇರುತ್ತದೆ.

ಹಾಗಂತ ಅವರು ಕೈಕಟ್ಟಿ ಕೂರಲಿ ಅನ್ನುತ್ತಿಲ್ಲ. ಅವರಿಗೆ ಸಂಪಾದನೆ ಬೇಕು. ನಿಮಗಿಂತ ಜಾಸ್ತಿ ಅವರಿಗೇ ಬೇಕು. ನೀವು ಇರುವುದು ಸಪ್ತಾಪುರದಲ್ಲಿ ಅಲ್ವಾ? ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಕರ್ನಾಟಕದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಕೋಚಿಂಗ್‌ಗೆ ಕೂರುವ ಜಾಗವದು. ಆ ಎಲ್ಲ ಪರೀಕ್ಷೆಗಳಲ್ಲೂ ಇತಿಹಾಸ ಇದೆ. ನೆಟ್ ಅರ್ಹತಾ ಪರೀಕ್ಷೆ ಪಾಸಾಗಿ ಐದು ವರ್ಷ ಸಂಶೋಧನೆ ಮಾಡಿದವರು ಕನ್ನಡದಲ್ಲಿ ಚೆನ್ನಾಗಿ ಪಾಠ ಮಾಡಿದರೆ ಬೇಡ ಅನ್ನುವವರು ಯಾರು? ವಾರಕ್ಕೆ ಎರಡು ಬೆಳಿಗ್ಗೆ ಸಾಕು. ಮಧ್ಯಾಹ್ನದ ಊಟ ಮನೆಯಲ್ಲೇ ಆಗುತ್ತದೆ, ಅಧ್ಯಾಯವೂ ನಡೆಯುತ್ತದೆ. ಗೈಡ್‌ಗೆ ಒಂದು ಮಾತು ಹೇಳಿ ಒಪ್ಪಿಗೆ ಪಡೆದು ಶುರುಮಾಡಲಿ. ನಿಮಗೆ ಮಾತ್ರ ಒಂದು ಕಿವಿಮಾತು. ಫೆಲೋಶಿಪ್ ಇರುವವರೆಗೆ ಬೇರೆ ಸಂಬಳದ ಕೆಲಸ ಹಿಡಿಯುವಂತಿಲ್ಲ, ಅವರಿಗೆ ಸಹಾಯ ಆಗಲಿ ಅಂತ ನೀವು ಪಾಠಕ್ಕೆ ನಿಲ್ಲಬೇಡಿ.

ಇಷ್ಟೆಲ್ಲ ಆದಮೇಲೂ ಅವರು ಬೀದರಿಗೇ ಹೋಗುತ್ತೇನೆ ಅಂದರೆ, ನಗುಮುಖದಿಂದ ಕಳಿಸಿ. ಆಗ ಅದು ಇಬ್ಬರ ತೀರ್ಮಾನವಾಗಿರುತ್ತದೆ. ನಿಮಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ, ಆಗಾಗ ನೀವೇ ಹೋಗಿಬನ್ನಿ.

ಅತ್ತೆಯ ವಿಷಯ ಅವರಿಗೇ ಬಿಡಿ. ಮಗ ಹೇಳಿದರೆ ಅದು ಮನೆಯ ಮಾತು, ಸೊಸೆ ಹೇಳಿದರೆ ಎದುರು ಮಾತು ಆಗಿಬಿಡುತ್ತದೆ. ಮಗುವಿನ ಪ್ರಶ್ನೆಗೆ ನೆಂಟರಿಗೆ ಉತ್ತರ ಕೊಡಬೇಕಾಗಿಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳುತ್ತೇನೆ: 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಕೊಡಬಹುದು, ಗಡುವಿನಲ್ಲೂ ಹೆಚ್ಚುವರಿ ಎರಡು ವರ್ಷದ ರಿಯಾಯಿತಿ ಕೊಡಬಹುದು. ನಿಮಗಿಬ್ಬರಿಗೂ ಬೇಕು ಅನ್ನಿಸಿದ ದಿನ ಓದು ಅಡ್ಡಿಯಾಗಬೇಕಾಗಿಲ್ಲ.

ಕೊನೆಗೆ ನನ್ನ ಮನಸ್ಸಿಗೆ ಹತ್ತಿರವಾದ ಮಾತು. ಕೆಲಸ ಸಿಗುವವರೆಗೆ ಬದುಕು ಶುರುವಾಗುವುದಿಲ್ಲ ಅಂತ ನಿಮಗೆ ಒಳಗೊಳಗೇ ಅನ್ನಿಸುತ್ತಿರಬಹುದು. ಓದುವ ಎಷ್ಟೋ ಜನಕ್ಕೆ ಅನ್ನಿಸುತ್ತದೆ. ಆದರೆ ಮುಂದೆ ಏನಾಗುತ್ತದೆ ಯೋಚಿಸಿ. ಇಬ್ಬರೂ ಉಪನ್ಯಾಸಕರಾದರೆ ಒಬ್ಬರಿಗೆ ಚಾಮರಾಜನಗರ, ಇನ್ನೊಬ್ಬರಿಗೆ ಕಲಬುರಗಿ ಆಗಬಹುದು. ವರ್ಗಾವಣೆಗೆ ಕಾಯುತ್ತಾ ಶನಿವಾರ ರಾತ್ರಿ ಬಸ್ ಹತ್ತುವ ಮೇಷ್ಟ್ರುಗಳು, ಮೇಡಮ್ಮುಗಳು ಎಷ್ಟು ಜನ ಇದ್ದಾರೆ ನೀವೇ ನೋಡಿರುತ್ತೀರಿ. ಈಗ ನಿಮ್ಮಿಬ್ಬರದೂ ಒಂದೇ ಊರು, ಒಂದೇ ಲೈಬ್ರರಿ, ಮಧ್ಯಾಹ್ನ ಬಿಚ್ಚುವ ಡಬ್ಬಿಯೂ ಒಂದೇ. ಕಟಕ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಕ್ಯಾಂಪಸ್ಸಿನ ಮರದ ಕೆಳಗೆ ಅರ್ಧ ಗಂಟೆ ಕೂರಬಹುದು. ಸಂಜೆ ವಿದ್ಯಾವರ್ಧಕ ಸಂಘದಲ್ಲಿ ಒಂದು ಉಪನ್ಯಾಸವೋ ಗಾಯನವೋ ಇದ್ದರೆ ಕೇಳಿ, ಸಾಧನಕೇರಿ ಕಡೆಯಿಂದ ನಡೆದು ಮನೆಗೆ ಬರಬಹುದು. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಹಾಡಿದ ಊರು ಅದು. ಟಿಕೆಟ್ ಇಲ್ಲದೆ ಒಳ್ಳೆಯ ಸಂಗೀತ ಕೇಳುವ ಅವಕಾಶ ಎಲ್ಲ ಊರಿನಲ್ಲೂ ಇರುವುದಿಲ್ಲ. ಕೆಲಗೇರಿ ಕೆರೆಯ ದಂಡೆಗೆ ಅವರು ನಿಮ್ಮನ್ನು ಕರೆದುಕೊಂಡು ಹೋಗುತ್ತಿದ್ದುದು ಕಾಸಿಲ್ಲದವರ ಸಮಾಧಾನಕ್ಕೆ ಅಂತ ನನಗನ್ನಿಸುವುದಿಲ್ಲ. ಅವರಿಗೆ ನಿಮ್ಮ ಜೊತೆ ನಡೆಯುವುದು ಇಷ್ಟ.

ಆ ಹೂವಿನ ಆಟವನ್ನೂ ನೋಡಿ. ಇತಿಹಾಸ ಓದುವ ಗಂಡಸು ವಾರವಾರ ಹೂವಾಡಗಿತ್ತಿಯ ಬುಟ್ಟಿಯ ಮುಂದೆ ನಿಂತು, ಇವತ್ತು ಬೇರೆ ಏನಿದೆ ಅಂತ ಹುಡುಕುತ್ತಿದ್ದರಲ್ಲ, ಯಾಕೆ? ಹೆಂಡತಿಯ ವಿದ್ಯೆ ಏನು ಅಂತ ಅವಳ ಬಾಯಿಂದಲೇ ಕೇಳುವುದಕ್ಕೆ. ಪಿಎಚ್‌ಡಿ ಮಾಡುವ ಎಷ್ಟು ಹೆಣ್ಣುಮಕ್ಕಳ ಮನೆಯಲ್ಲಿ ಅವರ ವಿಷಯದ ಬಗ್ಗೆ ಒಂದು ಪ್ರಶ್ನೆಯಾದರೂ ಕೇಳುವವರಿದ್ದಾರೆ ಹೇಳಿ.

ಈ ಶನಿವಾರ ಹೂವು ನೀವು ತನ್ನಿ. ಚಳಿಗಾಲ ಬಂತು, ದುಂಡು ಮಲ್ಲಿಗೆ ಸಿಗುವುದು ಕಷ್ಟ, ಕಾಕಡ ಇರುತ್ತದೆ. ಒಂದು ಮೊಳ ಸಾಕು. ಅವರು ಲೈಬ್ರರಿಯಿಂದ ಬರುವವರೆಗೆ ಕಾಯಬೇಡಿ, ಆರು ಗಂಟೆಗೆ ನೀವೇ ಅಲ್ಲಿಗೆ ಹೋಗಿ. ಅವರ ಮೇಜಿನ ಮೇಲೆ ಎಲೆಯ ಪೊಟ್ಟಣ ಬಿಚ್ಚಿ, 'ಇವತ್ತಿನದು ಯಾವುದು, ಈ ಸಲ ನೀವು ಹೇಳಿ' ಅನ್ನಿ. ಎರಡು ವರ್ಷ ಕೇಳಿಸಿಕೊಂಡಿದ್ದಾರೆ. ಜಾಸ್ಮಿನಂ ಮಲ್ಟಿಫ್ಲೋರಂ ಅಂತ ಅವರಿಗೆ ನೆನಪಿರುತ್ತದೆ.