ಜೀವಂತ ಸಾಮಗ್ರಿಗಳು ಸಿಮೆಂಟಿನ ಜಾಗ ತುಂಬಬಲ್ಲವೇ?

ಅಣಬೆ, ಪಾಚಿ, ಬ್ಯಾಕ್ಟೀರಿಯಾಗಳಿಂದ ತಯಾರಾದ ಸಾಮಗ್ರಿಗಳು ನಗರದ ಕಟ್ಟಡಗಳಲ್ಲಿ ಸಿಮೆಂಟಿನ ಬದಲಿಗೆ ಬಂದಾವೇ ಎಂದು ಕೇಳಿದ್ದೀರಿ. ಕಂಬ, ತೊಲೆಗಳಿಗೆ ಸದ್ಯಕ್ಕಿಲ್ಲ. ಉಳಿದ ಕಡೆ ಖಂಡಿತ ಜಾಗವಿದೆ.

ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟಿನದು. ಸಿಮೆಂಟ್ ಸುಡುವ ಗೂಡಿನ ಇಂಧನ ಬದಲಿಸಿದರೆ ಸಾಲದು. ಸಿಮೆಂಟಿಗಾಗಿ ಸುಣ್ಣಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಆ ಅನಿಲ ಬರುತ್ತದೆ. ಅದೇ ಸುಣ್ಣಕಲ್ಲನ್ನು ಹವಳ, ಶಂಖದಹುಳುಗಳು ಬೆಂಕಿಯಿಲ್ಲದೆ ನೀರಿನಲ್ಲೇ ಕಟ್ಟುತ್ತವೆ. ಈ ಕ್ಷೇತ್ರದತ್ತ ನನ್ನನ್ನು ಸೆಳೆದದ್ದೇ ಅದು.

ನನಗೆ ಹೆಚ್ಚು ಭರವಸೆಯಿರುವುದು ತಾನೇ ಬಿರುಕು ಮುಚ್ಚಿಕೊಳ್ಳುವ ಕಾಂಕ್ರೀಟಿನ ಮೇಲೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಂಕ್ ಯೋಂಕರ್ಸ್ ಇದನ್ನು ರೂಪಿಸಿದರು. ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನೂ (ಅದರ ಸುಪ್ತ ರೂಪ) ಅವುಗಳ ಆಹಾರವಾದ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ಕಾಂಕ್ರೀಟಿಗೆ ಸೇರಿಸುತ್ತಾರೆ. ಬೀಜಕಗಳು ವರ್ಷಗಟ್ಟಲೆ ನಿದ್ರಿಸುತ್ತವೆ. ಬಿರುಕಿನಿಂದ ನೀರು ಇಳಿದಾಗ ಎಚ್ಚೆತ್ತು, ಆಹಾರ ತಿಂದು, ಸುಣ್ಣಕಲ್ಲು ಕಟ್ಟಿ ಬಿರುಕು ತುಂಬುತ್ತವೆ. ಅರ್ಧ ಮಿಲಿಮೀಟರಿನಷ್ಟು ಬಿರುಕು ಮುಚ್ಚಿದರೂ ಅದು ದೊಡ್ಡದೇ: ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸುವ ನೀರು ನುಸುಳುವುದು ಇಂಥ ಸಣ್ಣ ಬಿರುಕುಗಳಿಂದಲೇ.

ಪೂರ್ತಿ ಜೀವಂತ ಇಟ್ಟಿಗೆಯ ಕಥೆ ಬೇರೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2020ರಲ್ಲಿ ಮರಳು, ಜೆಲಟಿನ್, ಸಯನೋಬ್ಯಾಕ್ಟೀರಿಯಾ (ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ) ಸೇರಿಸಿ ಇಟ್ಟಿಗೆ ಬೆಳೆಸಿದರು. ಒಂದನ್ನು ಎರಡಾಗಿ ಸೀಳಿ ಹೊಸ ಮರಳು, ಪೋಷಕಾಂಶ ಕೊಟ್ಟರೆ ಎರಡು ಇಟ್ಟಿಗೆ. ಹೀಗೆ ಮೂರು ತಲೆಮಾರಿಗೆ ಎಂಟು! ಆದರೆ ಅದು ಗಟ್ಟಿಯಾಗಲು ಒಣಗಬೇಕು, ಒಳಗಿನ ಜೀವ ಉಳಿಯಲು ತೇವ ಬೇಕು. ಈ ತೊಡಕು ಇನ್ನೂ ಬಿಡಿಸಿಕೊಂಡಿಲ್ಲ.

ಅಣಬೆಯಿಂದ ಮಾಡುವ ಸಾಮಗ್ರಿಯಲ್ಲಿ ಈ ತೊಡಕಿಲ್ಲ; ಬೆಳೆದ ಮೇಲೆ ಒಣಗಿಸಿ ಅದರ ಜೀವವನ್ನು ನಿಲ್ಲಿಸಿಬಿಡುತ್ತಾರೆ. ನಾನೂ ಒಮ್ಮೆ ಒಣಹುಲ್ಲಿಗೆ ಅಣಬೆ ಬೀಜ ಬೆರೆಸಿ ಅಚ್ಚಿನಲ್ಲಿ ಬೆಳೆಸಿದ್ದೆ. ಬಿಳಿ ಎಳೆಗಳು ಹುಲ್ಲನ್ನು ಹೆಣೆದು ಒಂದೇ ತುಂಡಾಗಿಸಿದ್ದವು. ಒಲೆಯಲ್ಲಿ ಒಣಗಿಸಿದ ಮೇಲೆ ಕೈಯಲ್ಲಿ ಹಿಡಿದರೆ ಥರ್ಮೋಕೋಲಿನಷ್ಟು ಹಗುರ. 2014ರಲ್ಲಿ ನ್ಯೂಯಾರ್ಕ್‌ನಲ್ಲಿ ಇಂಥ ಸುಮಾರು 10,000 ಇಟ್ಟಿಗೆಗಳಿಂದ ಹೈ-ಫೈ ಎಂಬ ತಾತ್ಕಾಲಿಕ ಗೋಪುರ ಕಟ್ಟಿದ್ದರು. ಆದರೂ ಭಾರ ಹೊರಲು ಇದನ್ನು ನಾನು ನಂಬುವುದಿಲ್ಲ. ಶಾಖ, ಸದ್ದು ತಡೆಯುವ ಒಳಗೋಡೆಯ ಹಲಗೆಗೆ ಚೆನ್ನಾಗಿ ಹೊಂದುತ್ತದೆ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2013ರಿಂದ ಪಾಚಿ ಬೆಳೆಯುವ ಗಾಜಿನ ಗೋಡೆಯ ಕಟ್ಟಡವೂ ಇದೆ. ಸುಂದರ, ಆದರೆ ನಿರಂತರ ನಿಗಾ ಬೇಡುವಂಥದ್ದು.

ಯಾರಾದರೂ ‘ಜೀವಂತ ಸಾಮಗ್ರಿ’ ಎಂದು ತೋರಿಸಿದರೆ ಮೊದಲು ಕೇಳಿ: ಗೋಡೆ ಕಟ್ಟಿದ ಮೇಲೂ ಅದು ಬದುಕಿರಬೇಕೇ? ಹೌದೆಂದರೆ, ಹತ್ತು ವರ್ಷವಾದ ಮೇಲೆ ಅದಕ್ಕೆ ನೀರು, ಆಹಾರ ಕೊಡುವವರು ಯಾರು?