ಗ್ರಾನೈಟ್ ಆಮೇಲೆ, ಮೊದಲು ಮಣ್ಣು ನೋಡಿ

ಡಲ್ಲಾಸ್‌ಗೆ ಬಂದು ಒಂದೂವರೆ ವರ್ಷವಾಯಿತು, ಎಂಬತ್ತು ಸಾವಿರ ಡಾಲರ್ ಕೂಡಿದೆ, ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಬ್ಯಾಂಕಿನ ಕಂತನ್ನು ಬಾಡಿಗೆಯೇ ತೀರಿಸಿಕೊಂಡು ಹೋಗುತ್ತದಲ್ಲವೇ ಎಂದು ಕೇಳಿದ್ದೀರಿ. ಜೊತೆಗೆ ಡಲ್ಲಾಸ್ ಪಕ್ಕದ ಗಾರ್ಲೆಂಡ್‌ನ ಒಂದು ಮನೆಯ ಹನ್ನೆರಡು ಫೋಟೋ ಕಳಿಸಿದ್ದೀರಿ. ಅದರಲ್ಲಿ ಏಳು ಅಡುಗೆಮನೆಯವೇ. ನನ್ನನ್ನು ಅಣ್ಣ ಎಂದು ಕರೆದಿದ್ದೀರಿ, ಆ ಸಲುಗೆಯಿಂದಲೇ ಹೇಳುತ್ತೇನೆ: ಅಡುಗೆಕಟ್ಟೆಯ ಗ್ರಾನೈಟ್ ನೋಡುವುದನ್ನು ಬಿಟ್ಟು ಕೆಳಗಿನ ಮಣ್ಣನ್ನು ನೋಡಿ.

ನಾನು ಗದಗ ಜಿಲ್ಲೆಯವನು, ಎರೆಹೊಲದ ಮಧ್ಯೆ ಬೆಳೆದವನು. ಏಪ್ರಿಲ್ ತಿಂಗಳಲ್ಲಿ ನಮ್ಮ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ನಾಲ್ಕು ಮಳೆ ಬಿದ್ದರೆ ಅದೇ ನೆಲ ಉಬ್ಬಿ, ಬಿರುಕು ಇದ್ದ ಗುರುತೂ ಉಳಿಯುತ್ತಿರಲಿಲ್ಲ. ಹಾಗಾಗಿ ಊರಿನಲ್ಲಿ ಮನೆ ಕಟ್ಟುವವರು ಗರಸು ಸಿಗುವ ತನಕ ಬುನಾದಿ ಅಗೆಯುತ್ತಿದ್ದರು. ಡಲ್ಲಾಸ್ ಸುತ್ತಲಿನ ಬಹುಭಾಗ ಇಂಥದೇ ಕರಿ ಎರೆ. ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಅದರ ಹೆಸರು. ಟೆಕ್ಸಾಸ್‌ನವರು 'ಹ್ಯೂಸ್ಟನ್ ಬ್ಲ್ಯಾಕ್' ಎಂಬ ಈ ಜಾತಿಯ ಮಣ್ಣನ್ನು ರಾಜ್ಯದ ಮಣ್ಣೆಂದು ಗೌರವಿಸುತ್ತಾರೆ. ಆದರೆ ಇಲ್ಲಿಯ ಬಹುತೇಕ ಮನೆಗಳಿಗೆ ಆಳದ ಬುನಾದಿಯಿಲ್ಲ; ನೆಲದ ಮೇಲೆ ಕಾಂಕ್ರೀಟ್ ಹಾಸು ಸುರಿದು ಅದರ ಮೇಲೆಯೇ ಮನೆ ಎಬ್ಬಿಸುತ್ತಾರೆ. ಬೇಸಿಗೆಯಲ್ಲಿ ಅಂಚಿನ ಮಣ್ಣು ಒಣಗಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಹಾಸು ಅದರೊಂದಿಗೆ ಬಾಗುತ್ತದೆ.

ಇಷ್ಟೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದ ನಾನೇ ಮೋಸಹೋದೆ. 2013ರಲ್ಲಿ, ಚೆನ್ನಾಗಿ ಮಳೆಯಾಗಿದ್ದ ಒಂದು ಏಪ್ರಿಲ್‌ನಲ್ಲಿ, ಮೂವತ್ತು ವರ್ಷ ಹಳೆಯ ಇಟ್ಟಿಗೆ ಮನೆ ಕೊಂಡೆ. ಹೊಸ ಬಣ್ಣ ಘಮಘಮಿಸುತ್ತಿತ್ತು. ಆಗಸ್ಟ್‌ನಲ್ಲಿ ಬಾಡಿಗೆಯಾಕೆ ಫೋನ್ ಮಾಡಿ, ಮಲಗುವ ಕೋಣೆಯ ಬಾಗಿಲು ಹಾಕಲು ಬರುತ್ತಿಲ್ಲ ಎಂದರು. ಚೌಕಟ್ಟು ಉಜ್ಜಿದರೆ ಸಾಕೆಂದು ಹೋದವನಿಗೆ ಕಂಡದ್ದು ಬಾಗಿಲ ಮೂಲೆಯಿಂದ ಸೂರಿನ ತನಕ ಓರೆಯಾಗಿ ಏರಿದ ಬಿರುಕು. ಮುಂದೆ ಹದಿನಾಲ್ಕು ಕಡೆ ಗುಂಡಿ ತೆಗೆದು, ಪಿಯರ್ (ಹಾಸಿಗೆ ಆನಿಕೆಯಾಗುವ ಆಳದ ಕಂಬ) ಇಳಿಸಿ, ಜ್ಯಾಕ್ ಕೊಟ್ಟು ಮನೆ ಎತ್ತಿದರು. ಎತ್ತಿದ ಮೇಲೆ ಹಾಸಿನಡಿಯ ಕೊಳವೆ ಸೋರತೊಡಗಿತು, ಅದು ಬೇರೆ ಖರ್ಚು. ಅಂಗಳದಲ್ಲಿ ರಾಶಿ ಹಾಕಿದ್ದ ಮಣ್ಣಿನ ಹೆಂಟೆಯೊಂದನ್ನು ಕೈಗೆತ್ತಿಕೊಂಡು ಹಿಸುಕಿ ನೋಡಿದೆ. ಬೆರಳಿಗೆ ಅಂಟಿಕೊಂಡು ಬಿಡಲೇ ಇಲ್ಲ, ಥೇಟು ನಮ್ಮ ಹೊಲದ ಹಾಗೆಯೇ. ಆ ವರ್ಷದ ಬಾಡಿಗೆಯಷ್ಟೂ ಅಲ್ಲಿಗೇ ಹೋಯಿತು.

ಈಗ ಮನೆ ನೋಡಲು ಹೋದರೆ ಜೇಬಿನಲ್ಲಿ ಒಂದು ಗೋಲಿ ಇರುತ್ತದೆ. ಹೆಂಚಿನ ನೆಲದ ಮೇಲಿಟ್ಟು, ಅದು ಎತ್ತ ಓಡುತ್ತದೆ ಎಂದು ನೋಡುತ್ತೇನೆ. ಎಲ್ಲ ಬಾಗಿಲು ತೆಗೆದು ಹಾಕುತ್ತೇನೆ. ಹೊರಗೋಡೆಯಲ್ಲಿ ಇಟ್ಟಿಗೆಯ ಸಂದಿಗುಂಟ ಮೆಟ್ಟಿಲಿನಂತೆ ಇಳಿದ ಬಿರುಕಿದೆಯೇ, ಗೋಡೆಗೆ ಅಂಟಿಕೊಂಡು ದೊಡ್ಡ ಓಕ್ ಮರವಿದೆಯೇ (ಅದು ಬುಡದ ನೀರನ್ನೆಲ್ಲ ಹೀರುತ್ತದೆ), ಕಿಟಕಿಯ ಮೂಲೆಗಳಿಗಷ್ಟೇ ಹೊಸ ಬಣ್ಣ ಬಳಿದಿದ್ದಾರೆಯೇ? ಅನುಮಾನ ಬಂದರೆ ಪಿಯರ್ ಹಾಕುವ ಕಂಪನಿಯವರನ್ನು ಕರೆಯಬೇಡಿ, ಅವರ ಕಣ್ಣಿಗೆ ಎಲ್ಲ ಮನೆಗೂ ಪಿಯರ್ ಬೇಕು. ಶುಲ್ಕ ಕೊಟ್ಟು ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಸಿ. ಟೆಕ್ಸಾಸ್ ಕರಾರಿನಲ್ಲಿ 'ಆಪ್ಷನ್ ಅವಧಿ' ಎಂದಿರುತ್ತದೆ; ಸಣ್ಣ ಮೊತ್ತ ಕೊಟ್ಟು ಒಪ್ಪಿಕೊಂಡ ಆ ಕೆಲವು ದಿನಗಳೊಳಗೆ ಕಾರಣ ಹೇಳದೆಯೂ ಹಿಂದೆ ಸರಿಯಬಹುದು. ತಪಾಸಣೆಯೆಲ್ಲ ಅಷ್ಟರೊಳಗೆ ಮುಗಿಯಬೇಕು.

ಕೊಂಡ ಮೇಲೂ ಬೇಸಿಗೆಯಲ್ಲಿ ಮನೆಯ ಸುತ್ತ ಜಿನುಗುವ ಪೈಪ್ ಹಾಸಿ ಬುಡದ ಮಣ್ಣಿಗೆ ನೀರುಣಿಸಬೇಕು. ಬಾಡಿಗೆ ಮನೆಯಲ್ಲಿ ತೊಡಕು ಇರುವುದೇ ಇಲ್ಲಿ. ನೀರಿನ ಬಿಲ್ ಬಾಡಿಗೆದಾರರದು, ನಿಮ್ಮ ಬುನಾದಿಗೆ ಅವರು ತಮ್ಮ ದುಡ್ಡಿನ ನೀರು ಏಕೆ ಹಾಕುತ್ತಾರೆ? ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆಯಲ್ಲಿ ತಿಂಗಳಿಗೆ ಇಪ್ಪತ್ತೈದು ಡಾಲರ್ ಬಿಡುತ್ತೇನೆ, ಕರಾರಿನಲ್ಲಿಯೇ ಬರೆದಿರುತ್ತದೆ.

ಇನ್ನು ತೆರಿಗೆ. ಇಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಎಲ್ಲರೂ ಹಿಗ್ಗುತ್ತಾರೆ. ಅದರ ಬದಲಿಗೆ ಮನೆಯ ಬೆಲೆಯ ಶೇಕಡಾ ಎರಡರ ಆಸುಪಾಸು ಪ್ರತಿವರ್ಷ ಕಕ್ಕಬೇಕು. ಬೆಂಗಳೂರಿನ ಮನೆ ಕಂದಾಯದ ಲೆಕ್ಕದಲ್ಲಿ ಯೋಚಿಸಿದರೆ ತಲೆ ತಿರುಗುತ್ತದೆ. ಮನೆ ತೋರಿಸುವವರು ಮುಂದಿಡುವುದು ಮಾರುವವರ ತೆರಿಗೆ ಚೀಟಿ. ತಾವೇ ವಾಸವಿರುವವರಿಗೆ ಹೋಮ್‌ಸ್ಟೆಡ್ ವಿನಾಯಿತಿ ಇದೆ; ಶಾಲಾ ತೆರಿಗೆ (ಮನೆ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಪಾಲು) ಹಾಕುವಾಗ ಮನೆಯ ಬೆಲೆಯಿಂದ ಕಳೆಯುವ ಆ ಮೊತ್ತವನ್ನು 2025ರ ನವೆಂಬರ್‌ನಲ್ಲಿ ಮತದಾರರು 1,40,000 ಡಾಲರ್‌ಗೆ ಏರಿಸಿದರು. ಅರವತ್ತೈದು ದಾಟಿದವರಿಗೆ ಶಾಲಾ ತೆರಿಗೆಗೆ ಮಿತಿಯೇ ಕಟ್ಟಿರುತ್ತದೆ. ಬಾಡಿಗೆಗೆ ಕೊಡುವ ನಿಮಗೆ ಇವೆರಡೂ ಇಲ್ಲ. ಮರುವರ್ಷ ಬ್ಯಾಂಕಿನಿಂದ 'ಎಸ್ಕ್ರೋ ಖಾತೆಯಲ್ಲಿ ಹಣ ಸಾಲದು' (ತೆರಿಗೆ, ವಿಮೆ ಕಟ್ಟಲೆಂದು ಬ್ಯಾಂಕು ಕಂತಿನ ಜೊತೆ ಕೂಡಿಡುವ ಹಣವದು) ಎಂಬ ಪತ್ರ ಬಂದಾಗ ನಮ್ಮವರು ಬೆಚ್ಚಿಬೀಳುವುದು ಇದಕ್ಕೇ. ತಾಲೂಕಿನಂಥ ಕೌಂಟಿಯ ಮೌಲ್ಯಮಾಪನ ಕಚೇರಿಯ ದರಗಳನ್ನು ತೆಗೆದು, ವಿನಾಯಿತಿ ಇಲ್ಲದೆ ನೀವೇ ಗುಣಿಸಿ. ಪ್ರತಿ ವಸಂತದಲ್ಲಿ ಮೌಲ್ಯದ ನೋಟಿಸ್ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಿ, ಕೊನೆಯ ದಿನ ಸಾಮಾನ್ಯವಾಗಿ ಮೇ 15.

ಒಂದು ಲೆಕ್ಕ ಹಾಕೋಣ. ಮನೆ 3,00,000 ಡಾಲರ್, ಕೈಯಿಂದ 75,000, ಉಳಿದ 2,25,000 ಶೇಕಡಾ ಏಳರಂತೆ ಮೂವತ್ತು ವರ್ಷದ ಸಾಲ ಎಂದುಕೊಳ್ಳಿ. ಕಂತು ಸುಮಾರು 1,500. ತೆರಿಗೆ ಶೇಕಡಾ 2.2ರಂತೆ ತಿಂಗಳಿಗೆ 550. ವಿಮೆ 250 ಎಂದಿಡಿ. ಒಟ್ಟು 2,300. ಬಾಡಿಗೆ 2,100 ಬಂದರೆ ಪ್ರತಿ ತಿಂಗಳು ಇನ್ನೂರು ನಿಮ್ಮ ಸಂಬಳದಿಂದ ಹೋಗುತ್ತದೆ. ರಿಪೇರಿ, ಮನೆ ಖಾಲಿ ಬಿದ್ದ ತಿಂಗಳು, ಮನೆ ನೋಡಿಕೊಳ್ಳುವ ಮ್ಯಾನೇಜರ್ ಪಾಲು, ಯಾವುದನ್ನೂ ನಾನಿನ್ನೂ ಸೇರಿಸಿಲ್ಲ. ನೋಂದಣಿ ಹೊತ್ತಿನ ಖರ್ಚು ಕಳೆದರೆ ನಿಮ್ಮ ಎಂಬತ್ತು ಸಾವಿರದಲ್ಲಿ ಏನೂ ಉಳಿಯುವುದಿಲ್ಲ. ವಿಮೆಯ ಕಾಗದದಲ್ಲಿ ಆಲಿಕಲ್ಲಿನ ಸಾಲನ್ನು ಹುಡುಕಿ ಓದಿ: ಮೊದಲ ಖರ್ಚು ನಿಮ್ಮದು ಎಂಬ ಮೊತ್ತ ಅಲ್ಲಿ ಸಾಮಾನ್ಯವಾಗಿ ಡಾಲರ್‌ನಲ್ಲಿರದೆ ವಿಮೆ ಮೊತ್ತದ ಶೇಕಡಾ ಒಂದು, ಎರಡು ಎಂದಿರುತ್ತದೆ. ಇಲ್ಲಿ ಆಲಿಕಲ್ಲು ಮಾವಿನಕಾಯಿ ಗಾತ್ರದ್ದೂ ಬೀಳುತ್ತದೆ.

ಬಾಡಿಗೆದಾರರ ವಿಷಯದಲ್ಲಿ ಊರಿನ ಅಭ್ಯಾಸ ಊರಿಗೇ ಇರಲಿ. 'ನಮ್ಮವರಿಗೆ ಮಾತ್ರ' ಎಂದು ಜಾಹೀರಾತು ಹಾಕುವುದು, ಜಾತಿ ಮತ ವಿಚಾರಿಸುವುದು ಬೇಡವೇ ಬೇಡ. 1968ರ ಫೇರ್ ಹೌಸಿಂಗ್ ಕಾಯ್ದೆ ಧರ್ಮ, ಮೂಲದೇಶದ ಆಧಾರದ ಮೇಲಿನ ಭೇದವನ್ನು ನಿಷೇಧಿಸುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಮರೆತುಬಿಡಿ, ಇಲ್ಲಿ ಒಂದು ತಿಂಗಳದೇ ರೂಢಿ. ಅದನ್ನೂ ಮನೆ ಬಿಟ್ಟ ಮೂವತ್ತು ದಿನದೊಳಗೆ, ಹಿಡಿದದ್ದಕ್ಕೆ ಪಟ್ಟಿ ಕೊಟ್ಟು, ಹಿಂದಿರುಗಿಸಬೇಕು.

ನೀವು ಎಚ್-1ಬಿ ವೀಸಾದಲ್ಲಿ, ಅಂದರೆ ಕಂಪನಿಯ ಕೆಲಸಕ್ಕೆ ಕಟ್ಟಿಕೊಂಡ ವೀಸಾದಲ್ಲಿ, ಇದ್ದೀರಿ. ಮನೆ ಹೊಂದಲು, ಬಾಡಿಗೆ ಪಡೆಯಲು ಅಡ್ಡಿಯಿಲ್ಲ, ಆದರೆ ದಿನನಿತ್ಯದ ನಿರ್ವಹಣೆಗೆ ನೀವೇ ಇಳಿದರೆ ಅನಧಿಕೃತ ಕೆಲಸ ಎಂಬ ಪ್ರಶ್ನೆ ಏಳಬಹುದು. ಮ್ಯಾನೇಜರ್ ಇಡಿ, ವಲಸೆ ವಕೀಲರನ್ನೂ ಒಮ್ಮೆ ಕೇಳಿ. ಕೆಲಸ ಹೋದರೆ ಬೇರೆ ದಾರಿ ಹುಡುಕಲು ಇಲ್ಲವೇ ದೇಶ ಬಿಡಲು ನಿಮಗಿರುವುದು ಹೆಚ್ಚೆಂದರೆ ಅರವತ್ತು ದಿನ. ಅಷ್ಟರಲ್ಲಿ ಮನೆ ಮಾರುವುದು ಕಷ್ಟ. ಆರು ತಿಂಗಳ ಕಂತು ಬೇರೆಯಾಗಿ ಕೂಡುವ ತನಕ ನಾನಾಗಿದ್ದರೆ ಕೊಳ್ಳುತ್ತಿರಲಿಲ್ಲ.

ನೋಡುವುದಕ್ಕಂತೂ ದುಡ್ಡು ಬೇಕಿಲ್ಲ. ನೀವು ಕಳಿಸಿದ ಒಂಬತ್ತನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಊಟದ ಕೋಣೆಯ ಕಿಟಕಿಯ ಬಲಮೂಲೆಯಲ್ಲಿ ಬಣ್ಣ ಒಂದು ಛಾಯೆ ಬೇರೆ. ಶನಿವಾರ ಬೆಳಿಗ್ಗೆ ನನಗೆ ಬಿಡುವಿದೆ, ಹತ್ತು ಗಂಟೆಗೆ ನೀವು ಬೀಗ ತೆಗೆಸಿ. ಗೋಲಿ ನಾನು ತರುತ್ತೇನೆ.